ಎರಡು ಕೈಯೂ ತುಂಬಿದ್ದವು, ಅದಕ್ಕೇ ನಮ್ಮ ಫೈಟರ್ ಸತ್ತ. ನಿಮ್ಮನ್ನು ಜಾಸ್ತಿ ಕಾಡಿದ ನಿಯಮ ಯಾವುದು?

ಗುಹೆದೀಪ:

ಹೋದ ಶನಿವಾರದ ಆಟ ಇನ್ನೂ ತಲೆಯಿಂದ ಇಳಿದಿಲ್ಲ. ಎರಡು ರಾತ್ರಿ ಅದನ್ನೇ ಯೋಚಿಸಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನಿಸಿತು.

ನಾನು ನಮ್ಮ ಗುಂಪಿನ ಡಿಎಂ, ಅಂದರೆ ಕಥೆ ನಡೆಸುವುದು, ನಿಯಮದ ತೀರ್ಪು ಹೇಳುವುದು ನನ್ನ ಕೆಲಸ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿ, 2014ರ ಪುಸ್ತಕಗಳು. ಒಬ್ಬೊಬ್ಬರೂ ಒಂದು ಪಾತ್ರ ವಹಿಸಿ, ಮಾತು ಮತ್ತು ಡೈಸ್‌ನಿಂದ ಕಥೆ ಕಟ್ಟುವ ಆಟ ಇದು. ಆಟಗಾರರು ನಾಲ್ಕು ಜನ, ಪಾತ್ರಗಳೆಲ್ಲ 4ನೇ ಲೆವೆಲ್. ನಮ್ಮ ಫೈಟರ್ (ಆಯುಧ ಹಿಡಿದು ಕಾದಾಡುವವನು) ಹೆಸರು ಹರ್ಗನ್, ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವವಳು) ಹೆಸರು ಇಳಾ. ಇಳಾಳನ್ನು ಆಡಿಸುವವಳಿಗೆ ಇದು ಮೊದಲನೇ ಕ್ಯಾಂಪೇನ್. ಪುಸ್ತಕವನ್ನು ಪೂರ್ತಿ ಓದಿದವಳಲ್ಲ. ಆದರೆ ನಮ್ಮ ಟೇಬಲ್‌ನಲ್ಲಿ ಅವಳಷ್ಟು ಮನಸ್ಸಿಟ್ಟು ಆಡುವವರು ಇನ್ನೊಬ್ಬರಿಲ್ಲ.

ಹರ್ಗನ್ ಒಬ್ಬನೇ ಮುಂದಿನ ಕೋಣೆಗೆ ನುಗ್ಗಿದ್ದ. ಅಲ್ಲೇ ಬಿದ್ದ. ನಡುವಿನ ಬಾಗಿಲು ಮುಚ್ಚಿಕೊಂಡಿತು. ಉಳಿದವರು ಈ ಕಡೆ ಕಾರಿಡಾರ್‌ನಲ್ಲಿ ಗೂಲ್‌ಗಳ (ಹೆಣ ತಿನ್ನುವ ಪಿಶಾಚಿಗಳ) ಜೊತೆ ಹೊಡೆದಾಡುತ್ತಿದ್ದರು. ಅವನು ಎರಡು ಡೆತ್ ಸೇವ್ (ಬಿದ್ದ ಪಾತ್ರ ಸಾಯದೆ ಉಳಿಯಲು ಹಾಕುವ ಡೈಸ್) ಸೋತಾಗಿತ್ತು. ಮೂರನೆಯದು ಸೋತರೆ ಮುಗಿಯಿತು. ಆಗ ಇಳಾಳ ಸರದಿ ಬಂತು.

ಅವಳು ಭುಜದಿಂದ ಬಾಗಿಲನ್ನು ತಳ್ಳಿದಳು. 25 ಅಡಿ ಓಡಿ ಹರ್ಗನ್ ಪಕ್ಕ ಮಂಡಿಯೂರಿದಳು. ‘ಕ್ಯೂರ್ ವೂಂಡ್ಸ್’ ಅಂದಳು, ಗಾಯ ವಾಸಿ ಮಾಡುವ ಮಂತ್ರ. ಎಂಟು ಮುಖದ ಡೈಸ್ ಆಗಲೇ ಅವಳ ಮುಷ್ಟಿಯಲ್ಲಿತ್ತು, ಕುಲುಕುತ್ತಿದ್ದಳು. ಆಗ ನಮ್ಮ ವಿಝಾರ್ಡ್ ಆಟಗಾರ ಮೆಲ್ಲಗೆ ಕೇಳಿದ: ‘ಅವಳ ಕೈ ಖಾಲಿ ಇದೆಯಾ?’

ಇರಲಿಲ್ಲ. ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ಗುರಾಣಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಂತ್ರ ಹಾಕಲು ಬಾಯಿಯ ಮಾತು, ಕೈಯ ಸನ್ನೆ, ಒಂದು ವಸ್ತು, ಇವುಗಳಲ್ಲಿ ಒಂದೋ ಎರಡೋ ಮೂರೂವೋ ಬೇಕಾಗುತ್ತದೆ. ಸನ್ನೆ ಇದ್ದರೆ ಒಂದು ಕೈ ಖಾಲಿ ಇರಬೇಕು. ಕ್ಲೆರಿಕ್ ತನ್ನ ದೇವರ ಚಿಹ್ನೆಯನ್ನು ಗುರಾಣಿಯ ಮೇಲೆ ಬರೆಸಿಕೊಳ್ಳಬಹುದು. ಆಗ ವಸ್ತುವಿನ ಬದಲು ಆ ಚಿಹ್ನೆ ಸಾಕು, ಗುರಾಣಿ ಹಿಡಿದ ಕೈಯಲ್ಲೇ ಸನ್ನೆಯನ್ನೂ ಮಾಡಬಹುದು. ಆದರೆ ಇದು ವಸ್ತು ಬೇಕಾದ ಮಂತ್ರಕ್ಕೆ ಮಾತ್ರ. ಬ್ಲೆಸ್ ಮಂತ್ರಕ್ಕೆ ಪವಿತ್ರ ಜಲ ಬೇಕು, ಹಾಗಾಗಿ ಅದನ್ನು ಗುರಾಣಿ ಹಿಡಿದೇ ಹಾಕಬಹುದು. ಕ್ಯೂರ್ ವೂಂಡ್ಸ್‌ಗೆ ವಸ್ತು ಬೇಡ. ವಸ್ತು ಬೇಡದ ಕಾರಣಕ್ಕೇ ಅದನ್ನು ಆ ಕೈಯಲ್ಲಿ ಹಾಕುವಂತಿಲ್ಲ. ಕಡಿಮೆ ಸಾಮಾನು ಬೇಕಾದ ಮಂತ್ರಕ್ಕೆ ಜಾಸ್ತಿ ಅಡ್ಡಿ. ಇದನ್ನು ಹೊಸ ಆಟಗಾರ್ತಿಗೆ, ಸ್ನೇಹಿತ ಸಾಯುತ್ತಿರುವ ಹೊತ್ತಿನಲ್ಲಿ, ಹೇಗೆ ಬಿಡಿಸಿ ಹೇಳುವುದು?

ಗದೆಯನ್ನು ಸೊಂಟಕ್ಕೆ ಸಿಕ್ಕಿಸಬಹುದಲ್ಲ ಅಂದಳು. ಒಂದು ಸರದಿಯಲ್ಲಿ ಒಂದು ವಸ್ತುವನ್ನು ಮಾತ್ರ ಹಾಗೆ ಪುಕ್ಕಟೆಯಾಗಿ ಮುಟ್ಟಬಹುದು. ಅದು ಬಾಗಿಲಿಗೆ ಖರ್ಚಾಯಿತು ಅಂದೆ. ನಾನೇ ಅಂದದ್ದು. ಪುಸ್ತಕದ ಪುಟ ತೆರೆದು ತೋರಿಸಿದೆ ಕೂಡ.

ಹೀಲಿಂಗ್ ವರ್ಡ್ ಅನ್ನುವ, ವಾಸಿ ಮಾಡುವ ಇನ್ನೊಂದು ಮಂತ್ರವನ್ನು ಅವಳು ಅವತ್ತು ಸಿದ್ಧ ಮಾಡಿಕೊಂಡಿರಲಿಲ್ಲ. ಅದಕ್ಕೆ ಬರೀ ಮಾತು ಸಾಕಿತ್ತು. ಕೊನೆಗೆ ಆ ಸರದಿಯ ಆಕ್ಷನ್ (ಮುಖ್ಯ ಕೆಲಸ) ಖರ್ಚು ಮಾಡಿ ಮೆಡಿಸಿನ್ ಚೆಕ್ ಹಾಕಿದಳು, ಅಂದರೆ ಮಂತ್ರವಿಲ್ಲದೆ ಅವನ ಜೀವ ಹಿಡಿದು ನಿಲ್ಲಿಸುವ ಡೈಸ್. 10 ಬೇಕಿತ್ತು. ಡೈಸ್‌ನಲ್ಲಿ 4 ಬಿತ್ತು, ವಿಸ್ಡಂನ 3 ಸೇರಿ 7. ಆಮೇಲೆ ಹರ್ಗನ್ ಸರದಿ, ಮೂರನೇ ಡೆತ್ ಸೇವ್. 6 ಬಿತ್ತು, ಸಾಲಲಿಲ್ಲ. ಸತ್ತ.

ಯಾರೂ ಜಗಳ ಆಡಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟದ್ದು. ಅವಳು ಆ ಎಂಟು ಮುಖದ ಡೈಸನ್ನು ಸುಮ್ನೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಉಳಿದ ಒಂದು ಗಂಟೆ ಹೆಚ್ಚು ಮಾತಾಡಲಿಲ್ಲ.

ಪಾತ್ರ ಸತ್ತಿದ್ದಕ್ಕೆ ನನಗೆ ಬೇಜಾರಿಲ್ಲ. ಗೂಲ್ ಕೈಲಿ ಸತ್ತಿದ್ದರೆ ಅದು ಕಥೆ. ಇಲ್ಲಿ ಹರ್ಗನ್ ಸತ್ತದ್ದು ಒಂದು ವಾಕ್ಯದ ಕೈಲಿ. ಆ ವಾಕ್ಯ ಯಾಕಿದೆ ಅಂತ ಟೇಬಲ್‌ನಲ್ಲಿದ್ದ ಒಬ್ಬರಿಗೂ ಹೇಳಲು ಬರಲಿಲ್ಲ, ನನಗೂ ಸೇರಿಸಿ.

ನಿಮಗೂ ಹೀಗೆ ಆಗಿದೆಯಾ? ಯಾವ ನಿಯಮ? ಅದನ್ನು ಬಿಟ್ಟಿರಾ, ಇಟ್ಟುಕೊಂಡಿರಾ? ಬಿಟ್ಟ ಮೇಲೆ ಏನಾಯಿತು, ಅದನ್ನು ಮುಖ್ಯವಾಗಿ ಹೇಳಿ.

ಹಳೇಗುರಾಣಿ:

ನಿಮ್ಮ ನೋವು ಅರ್ಥವಾಗುತ್ತದೆ. ನನ್ನದು ಇದೇ ಆಟದ 3.5 ಆವೃತ್ತಿಯ ಕಾಲದ ಕಥೆ, ಅಂದರೆ 2003ರ ಪುಸ್ತಕಗಳು. ನಿಯಮದ ಹೆಸರು ಗ್ರ್ಯಾಪಲ್, ಅಂದರೆ ಎದುರಾಳಿಯನ್ನು ಹಿಡಿದುಕೊಳ್ಳುವುದು.

ಹಿಡಿಯುವುದು ಮಕ್ಕಳಿಗೂ ಗೊತ್ತಿರುವ ಕೆಲಸ ಅಲ್ವಾ? ಅಲ್ಲಿ ಹಾಗಿರಲಿಲ್ಲ. ಹಿಡಿಯಲು ಹೋದ ಕೂಡಲೇ ಎದುರಾಳಿಗೆ ನಿಮ್ಮ ಮೇಲೆ ಒಂದು ಹೊಡೆತ ಸಿಗುತ್ತದೆ. ಆ ಹೊಡೆತದಿಂದ ಗಾಯವಾದರೆ ಹಿಡಿತ ಅಲ್ಲಿಗೇ ಕೆಟ್ಟಿತು. ತಪ್ಪಿಸಿಕೊಂಡಿರಿ ಅನ್ನಿ. ಆಗ ಮುಟ್ಟಲು ಬೇರೆ ಡೈಸ್. ಮುಟ್ಟಿದ ಮೇಲೆ ಇಬ್ಬರೂ ಡೈಸ್ ಹಾಕಿ ಹೋಲಿಸಬೇಕು. ಅದಕ್ಕೆ ಬೇಸ್ ಅಟ್ಯಾಕ್ (ಹೊಡೆಯುವ ಕೌಶಲದ ಅಂಕೆ) ಕೂಡಿಸಿ, ಸ್ಟ್ರೆಂತ್ (ಮೈಯ ಬಲದ ಅಂಕೆ) ಕೂಡಿಸಿ, ಮೈಯ ಗಾತ್ರದ ಲೆಕ್ಕ ಬೇರೆ: ಒಂದು ಅಳತೆ ದೊಡ್ಡದಾದರೆ 4, ಎರಡಾದರೆ 8. ಗೆದ್ದಿರಾ? ಈಗ ಅವನು ನಿಂತ ಚೌಕಕ್ಕೆ ನೀವು ಸರಿಯಬೇಕು. ಸರಿಯುವಾಗ ಪಕ್ಕದಲ್ಲಿರುವ ಅವನ ಕಡೆಯವರಿಗೆ ನಿಮ್ಮ ಮೇಲೆ ಇನ್ನೊಂದು ಹೊಡೆತ. ಇಷ್ಟಾದ ಮೇಲೆ ಹಿಡಿದುಕೊಂಡವರು ಏನೇನು ಮಾಡಬಹುದು, ಏನು ಮಾಡುವಂತಿಲ್ಲ ಅಂತ ಬೇರೆ ಪಟ್ಟಿ.

ನಮ್ಮ ಗುಂಪಿನಲ್ಲಿ ಒಬ್ಬ ಕುಸ್ತಿಪಟುವಿನ ಪಾತ್ರ ಮಾಡಿಕೊಂಡು ಬಂದಿದ್ದ. ಎಷ್ಟು ಚಂದದ ಪಾತ್ರ! ಕತ್ತಿ ಮುಟ್ಟುವುದಿಲ್ಲ ಅಂತ ಗುರುವಿಗೆ ಮಾತು ಕೊಟ್ಟವನು. ಅವನು ‘ಹಿಡಿಯುತ್ತೇನೆ’ ಅಂದ ಪ್ರತಿ ಸಲ ಯಾರೋ ಒಬ್ಬರು ನಿಟ್ಟುಸಿರು ಬಿಡುತ್ತಿದ್ದರು. ಪುಸ್ತಕ ಹೊರಗೆ ಬರುತ್ತಿತ್ತು. ಐದನೆಯದೋ ಆರನೆಯದೋ ಸಲಕ್ಕೆ ಅವನು ಹಿಡಿಯುವುದನ್ನೇ ಬಿಟ್ಟ. ‘ಹೊಡೆಯುತ್ತೇನೆ’ ಅನ್ನಲು ಶುರು ಮಾಡಿದ. ಆಮೇಲೆ ಪಾತ್ರವನ್ನೇ ಬದಲಾಯಿಸಿದ. ಕಷ್ಟದ ನಿಯಮ ಅಂದರೆ ನನಗೆ ನೆನಪಾಗುವುದು ಅವನ ಮುಖ. ಅವನನ್ನು ಯಾರೂ ತಡೆಯಲಿಲ್ಲ, ಆ ದಾರಿಯೇ ಅವನಿಗೆ ಬೇಸರ ತರಿಸಿತು.

ಬರೆದವರಿಗೂ ಇದು ಗೊತ್ತಾಗಿರಬೇಕು. 2009ರಲ್ಲಿ 3.5ರ ನಿಯಮಗಳನ್ನೇ ತಿದ್ದಿ ಕಟ್ಟಿದ ಪಾತ್‌ಫೈಂಡರ್ ಅನ್ನುವ ಬೇರೆ ಆಟ ಬಂದಾಗ ಹಿಡಿಯುವುದು, ಬೀಳಿಸುವುದು, ಆಯುಧ ಕಿತ್ತುಕೊಳ್ಳುವುದು ಎಲ್ಲಕ್ಕೂ ಒಂದೇ ಬಗೆಯ ಅಂಕೆ ಮಾಡಿದರು. ನಮ್ಮ ಆಟದ 2014ರ ಪುಸ್ತಕದಲ್ಲಿ ಅದು ಒಂದೇ ಒಂದು ಪೈಪೋಟಿಯ ಡೈಸ್ ಆಯಿತು. 2024ರಲ್ಲಿ ಪೈಪೋಟಿಯೂ ಹೋಯಿತು, ಹಿಡಿಸಿಕೊಂಡವನು ಒಂದು ಸೇವ್ ಹಾಕಿದರೆ ಸಾಕು. ಆ ಕುಸ್ತಿಪಟು ಈಗ ಬಂದಿದ್ದರೆ ಅನಿಸುತ್ತದೆ.

ಇನ್ನೊಂದು ಮಾತು. ಹಳೆಯ ನಿಯಮ ಅಂದ ಕೂಡಲೇ ಎಲ್ಲರೂ ಥ್ಯಾಕೋವನ್ನು (ಹೊಡೆತ ತಗಲಲು ಡೈಸ್‌ನಲ್ಲಿ ಎಷ್ಟು ಬೀಳಬೇಕು ಅನ್ನುವ ಹಳೆಯ ಲೆಕ್ಕ) ಬೈಯುತ್ತಾರೆ. ನನಗೆ ಅದು ಯಾವತ್ತೂ ಕಾಡಿಲ್ಲ. ಥ್ಯಾಕೋ 17, ಎದುರಾಳಿಯ ಎಸಿ, ಅಂದರೆ ರಕ್ಷಣೆಯ ಅಂಕೆ, 3. 17ರಲ್ಲಿ 3 ಕಳೆ, 14 ಬೇಕು. ಅಷ್ಟೇ. ಆಗಿನ ಆಟದಲ್ಲಿ ಎಸಿ ಕಡಿಮೆಯಾದಷ್ಟೂ ಗಟ್ಟಿ ಅನ್ನುವುದು ಮೊದಲು ತಲೆಗೆ ಹೋಗುವುದಿಲ್ಲ ನಿಜ. ಆದರೆ ಒಂದು ಸಲ ಹೋದರೆ ಆಟ ನಿಲ್ಲುವುದಿಲ್ಲ. ಗ್ರ್ಯಾಪಲ್ ಪ್ರತಿ ಸಲ ಆಟವನ್ನು ನಿಲ್ಲಿಸುತ್ತಿತ್ತು.

ನೀಲಿಬೂದಿ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಮೊದಲು ಹರ್ಗನ್ ವಿಷಯ. ಇಳಾ ಗದೆಯನ್ನು ಕೆಳಗೆ ಬಿಡಬಹುದಿತ್ತು. ಸಿಕ್ಕಿಸಲು ಕೈಕೆಲಸ ಬೇಕು, ಕೈ ಬಿಡಲು ಏನೂ ಬೇಡ. ಹೆಚ್ಚಿನ ಟೇಬಲ್‌ಗಳಲ್ಲಿ ಹಾಗೇ ನಡೆಯುತ್ತದೆ. ಗದೆ ನೆಲಕ್ಕೆ ಬೀಳುತ್ತದೆ, ಕೈ ಖಾಲಿಯಾಗುತ್ತದೆ, ಮಂತ್ರ ಹಾಕುತ್ತಾಳೆ. ಮುಂದಿನ ಸರದಿಯಲ್ಲಿ ಬಗ್ಗಿ ಎತ್ತಿಕೊಳ್ಳುತ್ತಾಳೆ. ಇನ್ನೊಂದು, ಭುಜದಿಂದ ತಳ್ಳಿದ ಬಾಗಿಲನ್ನು ನಾನಾದರೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಎರಡನೆಯದು, ಆ ನಿಯಮಕ್ಕೆ ಕಾರಣ ಇಲ್ಲ ಅಂದಿರಲ್ಲ, ಇದೆ. ಗುರಾಣಿ ಎಸಿಗೆ 2 ಕೂಡಿಸುತ್ತದೆ (5ನೇ ಆವೃತ್ತಿಯಲ್ಲಿ ಎಸಿ ಹೆಚ್ಚಾದಷ್ಟೂ ಗಟ್ಟಿ). ಗುರಾಣಿ, ಆಯುಧ, ಮಂತ್ರ ಮೂರೂ ಒಟ್ಟಿಗೆ ಸಿಕ್ಕರೆ ಬರೀ ಕತ್ತಿ ಹಿಡಿದ ಫೈಟರ್ ಯಾಕೆ ಬೇಕು? ಕೈಗಳು ಎರಡೇ ಅನ್ನುವುದು ಈ ಆಟದಲ್ಲಿ ಒಂದು ಬೆಲೆ. ವಸ್ತು ಬೇಕಾದ ಮಂತ್ರಕ್ಕೆ ಒಂದು ದಾರಿ, ಬೇಡದ ಮಂತ್ರಕ್ಕೆ ಇನ್ನೊಂದು ದಾರಿ ಅನ್ನುವುದು ಮಾತ್ರ ಅಡ್ಡಾದಿಡ್ಡಿ, ಒಪ್ಪುತ್ತೇನೆ.

ನನ್ನನ್ನು ಕಾಡಿದ್ದು ಕಾನ್ಸೆಂಟ್ರೇಷನ್, ಅಂದರೆ ಕೆಲವು ಮಂತ್ರ ಉಳಿಯಬೇಕಾದರೆ ಹಾಕಿದವರು ಮನಸ್ಸು ಹಿಡಿದಿಟ್ಟುಕೊಳ್ಳಬೇಕು ಅನ್ನುವ ನಿಯಮ. ಅಂಥ ಮಂತ್ರ ಒಂದು ಸಲಕ್ಕೆ ಒಂದೇ. ಪೆಟ್ಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಷನ್ ಸೇವ್ (ಮೈಯ ತಾಳಿಕೆಯ ಡೈಸ್): 10, ಇಲ್ಲ ಬಿದ್ದ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದು. ಒಂದು ಸಲ ಡ್ರ್ಯಾಗನ್ ಉಸಿರಿಗೆ 34 ಪಾಯಿಂಟ್ ಹೋಯಿತು. 17 ಬೇಕಿತ್ತು, 16 ಬಂತು. ನಾನು ಹಾಕಿದ್ದ ಹೇಸ್ಟ್, ಅಂದರೆ ವೇಗ ಕೊಡುವ ಮಂತ್ರ, ಕಳಚಿತು. ಹೇಸ್ಟ್ ಕಳಚಿದರೆ ಅದು ಯಾರ ಮೇಲಿತ್ತೋ ಅವರು ಒಂದು ಸರದಿ ನಿಂತಲ್ಲೇ ಉಳಿಯಬೇಕು, ಏನೂ ಮಾಡುವಂತಿಲ್ಲ. ನಮ್ಮ ಪ್ಯಾಲಡಿನ್ (ಧರ್ಮಯೋಧ) ಡ್ರ್ಯಾಗನ್ ಬಾಯಿಯ ಮುಂದೆ ಹಾಗೇ ನಿಂತ. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಆ ನಿಯಮವನ್ನು ನಾನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ.

ಆಮೇಲೆ ಅದನ್ನು ತೆಗೆದು ನೋಡಿದೆವು. ಮೂರು ವಾರ. ಮೊದಲ ವಾರ ಖುಷಿ. ಎರಡನೇ ವಾರ ಪ್ರತಿ ಬಾಗಿಲಿನ ಮುಂದೆ ನಾನು ನಾಲ್ಕು ಮಂತ್ರ ಹಾಕಿ ಒಳಗೆ ಹೋಗುತ್ತಿದ್ದೆ: ಹಾರುವುದು, ಮಾಯವಾಗುವುದು, ಹೇಸ್ಟ್, ಮತ್ತೊಂದು. ಉಳಿದವರು ಕಾಯುತ್ತಿದ್ದರು. ಮೂರನೇ ವಾರ ಪ್ಯಾಲಡಿನ್ ಆಟಗಾರ ‘ನಾನು ಇಲ್ಲಿ ಯಾಕಿದ್ದೇನೆ?’ ಅಂತ ಕೇಳಿದ. ಕೋಪದಿಂದಲ್ಲ, ನಿಜವಾಗಿಯೇ ಕೇಳಿದ. ನಿಯಮ ಮಾರನೇ ದಿನವೇ ವಾಪಸ್ ಬಂತು. ನಾನೇ ತರಿಸಿದೆ.

ಅದಕ್ಕೇ ಬಿಡುವ ಮುಂಚೆ ಕೇಳಿಕೊಳ್ಳಿ: ಈ ಕಿರಿಕಿರಿ ನನಗೆ ಆಗುತ್ತಿದೆಯಲ್ಲ, ಇದು ಟೇಬಲ್‌ನ ಇನ್ನೊಬ್ಬರನ್ನು ಕಾಯುತ್ತಿದೆಯಾ?

ಮೂರನೇಬಾಗಿಲು:

ಒಂದು ಚಿಕ್ಕ ಮಾತು. ಸೆಕೆಂಡ್ ಹ್ಯಾಂಡ್‌ನಲ್ಲಿ 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಸಿಕ್ಕಿತ್ತು, ತುಂಬಾ ಆಸೆಯಿಂದ ತೆರೆದೆ. ಫೈಟರ್‌ಗೆ ಸ್ಟ್ರೆಂತ್ 18 ಬಂದರೆ ಅದರ ಮೇಲೆ ನೂರರ ಡೈಸ್ ಹಾಕುವ ನಿಯಮ ಇತ್ತು. ಮನುಷ್ಯ ಗಂಡಸಿಗೆ 18/00 ತನಕ, 00 ಅಂದರೆ ನೂರು. ಮನುಷ್ಯ ಹೆಂಗಸಿಗೆ 18/50ಕ್ಕೆ ನಿಲುಗಡೆ. ಬೆಂಕಿ ಉಗುಳುವ ಡ್ರ್ಯಾಗನ್ ಇರುವ ಲೋಕದಲ್ಲಿ ನನ್ನ ಪಾತ್ರಕ್ಕೆ ಮಾತ್ರ ಈ ಗೆರೆ. 1989ರ 2ನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಅದನ್ನು ನಾನು ಒಂದು ದಿನವೂ ಆಡಿಲ್ಲ, ಆಡುವುದೂ ಇಲ್ಲ. ನೀಲಿಬೂದಿ ಕೇಳಿದ ಪ್ರಶ್ನೆಯನ್ನೇ ಅದಕ್ಕೂ ಕೇಳಿ ನೋಡಿದೆ. ಅದು ಯಾರನ್ನೂ ಕಾಯುತ್ತಿರಲಿಲ್ಲ.

ಹೊರೆಗಾರ:

ಎಲ್ಲರೂ ಮೊದಲು ಬಿಡುವ ನಿಯಮ ಭಾರ ಹೊರುವುದು. ನಾನು ಅದರ ಪರ ಮಾತಾಡಲು ಬಂದಿದ್ದೇನೆ.

5ನೇ ಆವೃತ್ತಿಯಲ್ಲಿ ಸ್ಟ್ರೆಂತ್ ಎಷ್ಟಿದೆಯೋ ಅದರ 15 ಪಟ್ಟು ಪೌಂಡ್ ಹೊರಬಹುದು. ಸ್ಟ್ರೆಂತ್ 10 ಇದ್ದರೆ 150 ಪೌಂಡ್. 50 ನಾಣ್ಯಕ್ಕೆ ಒಂದು ಪೌಂಡ್ ತೂಕ. ಅಂದರೆ 4,000 ಚಿನ್ನದ ನಾಣ್ಯ 80 ಪೌಂಡ್ ಆಯಿತು, ಒಬ್ಬನೇ ಹೊತ್ತು ನಡೆಯಬಹುದು. ಹೀಗಾಗಿ ಈ ಲೆಕ್ಕ ಮಾಡಿ ಸಿಗುವುದು ಏನೂ ಇಲ್ಲ. ಬರೀ ಬರೆಯುವ ಕೆಲಸ. ಜನ ಬಿಡುವುದು ಸಹಜ.

ಆದರೆ ಇದರ ಹುಟ್ಟು ನೋಡಿ. ಮೊದಲ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ 10 ನಾಣ್ಯಕ್ಕೇ ಒಂದು ಪೌಂಡ್. ಅದೇ 4,000 ನಾಣ್ಯ ಅಂದರೆ 400 ಪೌಂಡ್! ಜೊತೆಗೆ ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವದ ಪಾಯಿಂಟ್. ತಂದರೆ ಮಾತ್ರ ಲೆವೆಲ್ ಏರುತ್ತದೆ. ಹಾಗಾಗಿ ರಾಕ್ಷಸನನ್ನು ಕೊಂದ ಮೇಲೇ ಆಟ ಶುರುವಾಗುತ್ತಿತ್ತು. ಹಗ್ಗ ಬಿಡೋಣವಾ, ಎಣ್ಣೆ ಬಿಡೋಣವಾ? ಹೇಸರಗತ್ತೆ ಮೆಟ್ಟಿಲು ಇಳಿಯುತ್ತದಾ? ಚೀಲ ತುಂಬಿ ನಿಧಾನಕ್ಕೆ ನಡೆಯುವಾಗ ಹಿಂದಿನಿಂದ ಏನೋ ಬಂದರೆ ಎಸೆದು ಓಡುವುದಾ?

ಮುಂದೆ ಚಿನ್ನಕ್ಕೆ ಪಾಯಿಂಟ್ ಕೊಡುವುದು ಮುಖ್ಯ ನಿಯಮಗಳಿಂದ ಹೊರಬಿತ್ತು. ಭಾರದ ನಿಯಮ ಮಾತ್ರ ಉಳಿಯಿತು. ಬೇರು ಕಿತ್ತ ಮೇಲೆ ಉಳಿದ ಕೋಲಿನ ಹಾಗೆ. ಇವತ್ತು ಅದು ಕಿರಿಕಿರಿ ಅನಿಸಿದರೆ ತಪ್ಪು ಆಟಗಾರರದ್ದಲ್ಲ. ನಮ್ಮ ಗುಂಪಿನಲ್ಲಿ ನಾನು ಎರಡನ್ನೂ ವಾಪಸ್ ತಂದೆ, ಹತ್ತು ನಾಣ್ಯಕ್ಕೆ ಪೌಂಡ್, ಚಿನ್ನಕ್ಕೆ ಪಾಯಿಂಟ್. ಬೆಳ್ಳಿಯ ಒಂದು ಗಂಟೆ ಸಿಕ್ಕಿತ್ತು, ನಾಲ್ಕು ಜನ ಎತ್ತುವಷ್ಟು ದೊಡ್ಡದು. ಅದನ್ನು ಸುಣ್ಣದ ಕಲ್ಲಿನ ಬಾವಿಯಿಂದ ಮೇಲೆತ್ತಲು ಪೂರಾ ಒಂದು ಸಂಜೆ ಹಿಡಿಯಿತು. ಒಂದೂ ಯುದ್ಧ ಆಗಲಿಲ್ಲ. ಇವತ್ತಿಗೂ ಅವರು ನೆನೆಸಿಕೊಳ್ಳುವುದು ಆ ಸಂಜೆಯನ್ನೇ.

ಗುಹೆದೀಪ:

ಎಲ್ಲರಿಗೂ ಥ್ಯಾಂಕ್ಸ್. ಎರಡೆರಡು ಸಲ ಓದಿದೆ.

ನೀಲಿಬೂದಿ, ಗದೆ ಕೆಳಗೆ ಬಿಡುವುದು ನಮಗ್ಯಾರಿಗೂ ಹೊಳೆಯಲಿಲ್ಲ. ನಿಮ್ಮ ಉತ್ತರ ಓದಿದಾಗ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು. ಅವಳಿಗೆ ಗೊತ್ತಿಲ್ಲದಿದ್ದರೆ ಅದು ಅವಳ ತಪ್ಪಲ್ಲ. ‘ಆಗಲ್ಲ’ ಅನ್ನಲು ಪುಟ ತೆರೆದ ನಾನು ‘ಹೇಗೆ ಆಗುತ್ತದೆ’ ಅಂತ ಹೇಳಲೂ ಅದೇ ಪುಟ ತೆರೆಯಬೇಕಿತ್ತು. ಇಳಾಗೆ ಗದೆ ಕೈ ಬಿಡಬಹುದು ಅಂತ ಗೊತ್ತು. ಅವಳು ವರ್ಷಗಟ್ಟಲೆ ಅದನ್ನು ಹಿಡಿದವಳು. ಗೊತ್ತಿಲ್ಲದ್ದು ಆಡಿಸುವವಳಿಗೆ. ಆ ಎರಡರ ನಡುವೆ ನಾನು ನಿಲ್ಲಬೇಕಿತ್ತು.

ನಿನ್ನೆ ಫೋನ್ ಮಾಡಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನ ಮುಖದ ಹತ್ತಿರ ಗದೆ ಎಸೆಯೋದನ್ನ ಕಣ್ಣಿಗೆ ಕಟ್ಟಿಕೊಂಡೆ ಈಗ. ಚೆನ್ನಾಗಿರ್ತಿತ್ತು’ ಅಂದಳು. ಹರ್ಗನ್ ಬದುಕಿದ ಅಂತ ಮಾಡೋಣವಾ ಅಂತ ಹರ್ಗನ್ ಆಟಗಾರನನ್ನು ಕೇಳಿದೆ. ಬೇಡ ಅಂದ. ಅವನು ಆಗಲೇ ಹರ್ಗನ್ ತಂಗಿಯ ಪಾತ್ರ ಬರೆದಿದ್ದಾನೆ. ಅಣ್ಣನನ್ನು ಹುಡುಕಿಕೊಂಡು ಬರುತ್ತಾಳೆ. ಇಳಾ ಅವಳಿಗೆ ಏನು ಹೇಳುತ್ತಾಳೆ ಅನ್ನುವುದರಿಂದ ಮುಂದಿನ ಆಟ ಶುರು.

ನಿಯಮದ ವಿಷಯಕ್ಕೆ ಬಂದರೆ, ಗುರಾಣಿಯ ಮೇಲೆ ಚಿಹ್ನೆ ಇದ್ದರೆ ವಸ್ತು ಬೇಕಿರಲಿ ಬೇಡದಿರಲಿ ಆ ಕೈಯಲ್ಲಿ ಸನ್ನೆ ಮಾಡಬಹುದು ಅಂತ ಮಾಡುವ ಯೋಚನೆ ಇದೆ. ಬೇರೆ ಕ್ಲಾಸ್‌ಗಳಿಗೆ (ಪಾತ್ರದ ಬಗೆಗಳಿಗೆ) ಕೈಗಳು ಎರಡೇ. ಒಂದೇ ಅಳುಕು: ವಾರ್ ಕ್ಯಾಸ್ಟರ್ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ತೆಗೆದುಕೊಳ್ಳುವವರಿಗೆ ಇದರಿಂದ ಅನ್ಯಾಯ ಆಗುತ್ತದಾ? ನಮ್ಮ ವಿಝಾರ್ಡ್ ಮುಂದೆ ಅದನ್ನು ತೆಗೆದುಕೊಳ್ಳಬೇಕು ಅಂತಿದ್ದಾನೆ.

ನೀಲಿಬೂದಿ:

ಆಗಲ್ಲ. ಆ ಫೀಟ್‌ನಲ್ಲಿ ಕೈ ತುಂಬಿದ್ದರೂ ಸನ್ನೆ ಮಾಡುವುದು ಒಂದು ಭಾಗ ಅಷ್ಟೇ. ಕಾನ್ಸೆಂಟ್ರೇಷನ್ ಸೇವ್‌ಗೆ ಅಡ್ವಾಂಟೇಜ್ (ಎರಡು ಡೈಸ್ ಹಾಕಿ ದೊಡ್ಡದನ್ನು ಹಿಡಿಯುವುದು) ಸಿಗುತ್ತದೆ. ಪಕ್ಕದಿಂದ ಓಡಿಹೋಗುವ ಶತ್ರುವಿಗೆ ಕತ್ತಿಯ ಬದಲು ಮಂತ್ರ ಬಿಡಬಹುದು. ವಿಝಾರ್ಡ್ ಗುರಾಣಿ ಹಿಡಿಯುವುದೇ ಅಪರೂಪ, ಅವನು ಅದನ್ನು ತೆಗೆದುಕೊಳ್ಳುವುದು ಆ ಅಡ್ವಾಂಟೇಜ್‌ಗೇ. ನನ್ನ ಕೈಲಿ ಅದಿದ್ದಿದ್ದರೆ ಅವತ್ತು 16 ಬಂದಾಗ ಇನ್ನೊಂದು ಡೈಸ್ ಇರುತ್ತಿತ್ತು.

ತಂಗಿಯ ಆಟ ಹೇಗಾಯಿತು ಅಂತ ಬಂದು ಬರೆಯಿರಿ.